ಕೆಲಸಗಾರನ ಪೀಠ

ಸಿಂಹಾಸನಗಳ ಚರಿತ್ರೆಯನ್ನು ಬರೆದವರು ನಮ್ಮಲ್ಲಿ ಅನೇಕರುಂಟು. 1610ನೆಯ ಇಸವಿಯಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಪಟ್ಟವನ್ನೇರಿದ ಸಂಗತಿಯನ್ನು ಶಾಲೆಯ ಹುಡುಗರೂ ಬಲ್ಲರು. ನಮ್ಮ ಅರಿಕುಠಾರಕ್ಕೆ ಹಳೆಯ ಹೆಸರು ಹೋಗಿ ಹೊಸ ಹೆಸರು ಬಂದುದೂ ರಾಜವಂಶದ ಸಂಬಂಧದಿಂದಲೇ. ತಮ್ಮ ತಂದೆ ಚಾಮರಾಜ ಒಡೆಯರು ಹುಟ್ಟಿದ ಊರೆಂಬ ಗೌರವದಿಂದ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಅದನ್ನು ಚಾಮರಾಜನಗರವೆಂದು ಕರೆದು, 1826ರಲ್ಲಿ ಅಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. ಇದೆಲ್ಲವೂ ಪುಸ್ತಕಗಳಲ್ಲಿ ಸಿಕ್ಕುವುದು. ಆದರೆ ಆ ದೇವಾಲಯದ ಬಾಗಿಲನ್ನು ಕೆತ್ತಿದ ಬಡಗಿಯು ಯಾವುದರ ಮೇಲೆ ಕುಳಿತು ಕೆತ್ತಿದನೆಂಬುದನ್ನು ಯಾರೂ ಕೇಳಿದಂತೆ ಕಾಣೆನು. ನಾನೂ ಕೇಳುತ್ತಿರಲಿಲ್ಲ. ಕೇಳುವಂತೆ ಮಾಡಿದುದು ಒಂದು ರಟ್ಟಿನ ಪೆಟ್ಟಿಗೆ.

ಗುಂಡ್ಲುಪೇಟೆಯ ನಮ್ಮ ಮನೆಯ ಹಿತ್ತಲಿನಲ್ಲಿ, ಹಿಂದೆ ಸೌದೆಯನ್ನು ಒಟ್ಟುತ್ತಿದ್ದ ಒಂದು ಕೊಠಡಿಯುಂಟು. ಕೆಲಸದಿಂದ ನಿವೃತ್ತನಾದ ಮೇಲೆ ಅದರಲ್ಲಿ ಒಂದು ಮರಗೆಲಸದ ಮೇಜು, ಒಂದು ಹಿಡಿಕೆ, ಗೋಡೆಗೆ ಹತ್ತಾರು ಉಳಿಗಳು, ಇಷ್ಟನ್ನು ಇಟ್ಟುಕೊಂಡು ಚಿತ್ರದ ಚೌಕಟ್ಟು, ಪುಸ್ತಕದ ಹಲಗೆ ಮುಂತಾದುವನ್ನು ಮಾಡುತ್ತ ಕಾಲ ಕಳೆಯುತ್ತಿರುವೆನು. ಮೇಜಿನ ಎತ್ತರ 34 ಅಂಗುಲ. ನಿಂತು ಮಾಡುವ ಕೆಲಸಕ್ಕೆ ಅದು ಸರಿಯಾದ ಎತ್ತರವೇ; ಆದರೆ ನಿಲ್ಲುವವನ ಮಂಡಿ ಸರಿಯಾಗಿಲ್ಲ. ವೈದ್ಯರು ಹೆಚ್ಚು ಹೊತ್ತು ನಿಲ್ಲಕೂಡದೆಂದರು. ಹಾಗಾದರೆ ಎತ್ತರವಾದ, ಎಡಕ್ಕೂ ಬಲಕ್ಕೂ ತಿರುಗುವ ಒಂದು ಪೀಠವನ್ನು ತರಿಸೋಣವೆಂದು ನಿಶ್ಚಯಿಸಿದೆನು. ಪೇಟೆಯ ಅಂಗಡಿಗಳಲ್ಲಿ ಪ್ಲಾಸ್ಟಿಕ್ಕಿನ ಸ್ಟೂಲುಗಳು ಒಂದರ ಮೇಲೊಂದು ಗೋಪುರದಂತೆ ನಿಂತಿದ್ದುವು, ತಿರುಗುವಂಥದು ಇರಲಿಲ್ಲ. ಕಡೆಗೆ ದೂರದ ಪಟ್ಟಣದಿಂದ ತರಿಸಿದುದಾಯಿತು. ಚಾಮರಾಜನಗರಕ್ಕೆ 1926ರಲ್ಲಿಯೇ ರೈಲು ಬಂದಿದ್ದರೂ ನಮ್ಮ ಗುಂಡ್ಲುಪೇಟೆಗೆ ಇಂದಿಗೂ ಬಂದಿಲ್ಲವಾದುದರಿಂದ, ಪೆಟ್ಟಿಗೆಯು ಮೈಸೂರಿನ ರಸ್ತೆಯಲ್ಲಿ ಲಾರಿಯೇರಿ ಬಂದಿತು. ಬಿಚ್ಚಿ ನೋಡಿದರೆ ಪೀಠವಿಲ್ಲ, ಪೀಠದ ಅವಯವಗಳಿದ್ದುವು.

ಅವುಗಳನ್ನು ಕೂಡಿಸುವ ಕಥೆಯನ್ನು ಹೇಳುವುದಕ್ಕೆ ಮುಂಚೆ ಒಂದೆರಡು ಮಾತುಗಳ ವಿಚಾರವನ್ನು ನೋಡಬೇಕು. ಕುಳಿತುಕೊಳ್ಳುವ ವಸ್ತುವಿಗೆ ನಮ್ಮ ಮನೆಗಳಲ್ಲಿರುವ ಅಚ್ಚಗನ್ನಡದ ಹೆಸರು ಮಣೆ. ಊಟಕ್ಕೆ ಮಣೆ, ಮದುವೆಗೆ ಹಸೆಮಣೆ, ತರಕಾರಿಗೆ ಈಳಿಗೆಮಣೆ. ಪೀಠವೆಂಬುದು ಸಂಸ್ಕೃತದಿಂದ ಬಂದುದು. ದೇವರಿಗೂ ಗುರುವಿಗೂ ಸಲ್ಲತಕ್ಕದ್ದು. ಕುರ್ಚಿಯು ಅರಬ್ಬೀ ಮಾತು. ಕಚೇರಿಯ ಸಂಗಡ ಬಂದು ಅಧಿಕಾರದ ಅರ್ಥವನ್ನೂ ಹೊತ್ತು ತಂದಿತು. ಸ್ಟೂಲು ಇಂಗ್ಲಿಷಿನದು. ಇವುಗಳ ನಡುವೆ ಮುಕ್ಕಾಲಿ ಎಂಬ ಸೊಗಸಾದ ಮಾತೊಂದು ನಮ್ಮಲ್ಲಿಯೇ ಉಂಟು. ಮೂರು ಕಾಲುಳ್ಳದ್ದು ಎಂಬುದಷ್ಟೇ ಅದರ ಅರ್ಥ. ಸಗಣಿ ಸಾರಿಸಿದ ಏರುತಗ್ಗಿನ ನೆಲದ ಮೇಲೆ ನಾಲ್ಕು ಕಾಲಿನದು ಕುಂಟುವುದು, ಮೂರು ಕಾಲಿನದು ಎಂದಿಗೂ ಕುಂಟದು. ಈ ರೇಖಾಗಣಿತವನ್ನು ನಮ್ಮ ಹಿರಿಯರು ಹೆಸರಿನೊಳಗೇ ಅಡಗಿಸಿಟ್ಟಿರುವರು.

ಇಷ್ಟು ಹೆಸರುಗಳಿದ್ದರೂ ಕೆಲಸಗಾರನು ಇವುಗಳಲ್ಲಿ ಮಣೆಯನ್ನಲ್ಲದೆ ಬೇರೆ ಯಾವುದನ್ನೂ ಬಳಸಿದವನಲ್ಲ; ಅನೇಕ ವೇಳೆ ಅದನ್ನೂ ಬಳಸಲಿಲ್ಲ. ನಾನು ಚಿಕ್ಕಂದಿನಲ್ಲಿ ಕಂಡ ಬಡಗಿಯು ನೆಲದ ಮೇಲೆ ಕುಳಿತು, ಮರದ ತುಂಡನ್ನು ಎರಡು ಪಾದಗಳ ನಡುವೆ ಅಮುಕಿಕೊಂಡು, ಬಲಗೈಯಲ್ಲಿ ಕೊಡತಿ ಎಡಗೈಯಲ್ಲಿ ಉಳಿ ಹಿಡಿದು ತೂತು ಹೊಡೆಯುತ್ತಿದ್ದನು. ಇಂಗ್ಲಿಷಿನವರ ಮೇಜಿನಲ್ಲಿ ಕಬ್ಬಿಣದ ಹಿಡಿಕೆ ಮಾಡುವ ಕೆಲಸವನ್ನು ಇವನ ಕಾಲುಗಳೇ ಮಾಡುತ್ತಿದ್ದುವು. ಕಡಚಲು ಕೆಲಸದವನಂತೂ ಒಂದು ಕೈಯಲ್ಲಿ ಕಮಾನನ್ನು ಎಳೆದು ಮರವನ್ನು ತಿರುಗಿಸುತ್ತ, ಇನ್ನೊಂದು ಕೈಯ ಉಳಿಗೆ ಕಾಲ್ಬೆರಳನ್ನು ಆನಿಸಿ ದಾರಿ ತೋರುತ್ತಿದ್ದನು. ಕಮ್ಮಾರನ ಅಡಿಗಲ್ಲು ನೆಲದಲ್ಲಿ ಹೂತಿರುವುದು. ಅವನು ಕುಳಿತೇ ಇಕ್ಕಳವನ್ನು ಹಿಡಿಯುವನು, ಸಮ್ಮಟಿ ಹೊಡೆಯುವವನು ಮಾತ್ರ ನಿಂತಿರುವನು. ಕೊಳ್ಳೇಗಾಲದ ಕಡೆಯ ನೇಕಾರರ ಉಪಾಯವು ಇನ್ನೂ ವಿಚಿತ್ರ. ಮಗ್ಗದ ತುಳಿಗೋಲುಗಳಿಗೆ ಕಾಲು ಇಳಿಬಿಡಬೇಕಾದಾಗ ಅವರು ಪೀಠವನ್ನು ಎತ್ತರಿಸಲಿಲ್ಲ, ನೆಲವನ್ನೇ ತಗ್ಗಿಸಿದರು. ಗುಂಡಿಮಗ್ಗವೆಂದರೆ ಅದೇ. ಇನ್ನು ನಮ್ಮ ತಾಯಂದಿರ ಈಳಿಗೆಮಣೆಯನ್ನು ನೋಡಿರಿ: ಕುಳಿತವಳ ಭಾರದಿಂದಲೇ ಹಲಗೆಯು ಅಲುಗದೆ ನಿಲ್ಲುವುದು, ಕತ್ತಿಯು ಸ್ಥಿರವಾಗಿರುವುದು, ಎರಡು ಕೈಗಳೂ ಕಾಯಿಯನ್ನು ಹಿಡಿಯಲು ಬಿಡುವಾಗಿರುವುವು. ಆಸನವೂ ಅದೇ, ಆಯುಧವೂ ಅದೇ. ಹಲಸಿನ ಮರದ ಆ ಒಂದು ತುಂಡಿನಲ್ಲಿರುವ ಬುದ್ಧಿಯು ನನ್ನ ಪೆಟ್ಟಿಗೆಯಲ್ಲಿ ಬಂದ ಸಾಮಾನಿನ ಬುದ್ಧಿಗೆ ಕಡಮೆಯೆಂದು ನಾನು ಒಪ್ಪಲಾರೆನು.

ಆದರೆ ನೆಲದ ಮೇಲೆ ಕುಳಿತುದಕ್ಕೆಲ್ಲ ಬುದ್ಧಿವಂತಿಕೆಯೇ ಕಾರಣವೆಂದು ಹೇಳಿದರೆ ಚರಿತ್ರೆಗೆ ಅಪಚಾರವಾಗುವುದು. ನಮ್ಮ ಹಳ್ಳಿಗಳಲ್ಲಿ ಎತ್ತರವೆಂಬುದು ಅನುಕೂಲದ ಮಾತಾಗಿರಲಿಲ್ಲ, ಅಂತಸ್ತಿನ ಮಾತಾಗಿದ್ದಿತು. ಯಾರು ಜಗಲಿಯ ಮೇಲೆ ಕೂಡಬಹುದು, ಯಾರು ಕೆಳಗಿನ ಮೆಟ್ಟಿಲಲ್ಲಿ, ಯಾರು ಅಂಗಳದಲ್ಲಿ ನಿಂತೇ ಮಾತನಾಡಬೇಕು ಎಂಬುದು ಬರೆಯದ ಶಾಸನವಾಗಿ ನಡೆಯುತ್ತಿದ್ದಿತು. ಬರೆದ ಶಾಸನಗಳನ್ನು ನೋಡಿದರೆ ಬೇರೊಂದು ಚಿತ್ರ ಕಾಣುವುದು. ನಮ್ಮ ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳ ಶಾಸನಗಳನ್ನು ರೈಸ್ ಸಾಹೇಬರು 1898ರಲ್ಲಿ ಎಪಿಗ್ರಾಫಿಯಾ ಕರ್ಣಾಟಿಕಾದ ನಾಲ್ಕನೆಯ ಸಂಪುಟದಲ್ಲಿ ಪ್ರಕಟಿಸಿದರು. ಕನ್ನಡ ನಾಡಿನ ಶಾಸನಗಳ ಕೊನೆಯಲ್ಲಿ ಓಜ, ಆಚಾರಿ ಎಂದು ಮುಗಿಯುವ ಕಂಡರಣೆಗಾರರ ಹೆಸರುಗಳು ಅನೇಕ ಕಡೆ ಸಿಕ್ಕುವುವು. ಅರಸನ ಹೆಸರಿದ್ದ ಕಲ್ಲಿನಲ್ಲಿಯೇ ತನ್ನ ಹೆಸರನ್ನೂ ಕೊರೆದುಕೊಳ್ಳುವಷ್ಟು ಮರ್ಯಾದೆ ಆ ಕುಶಲಿಗೆ ಇದ್ದಿತು. ಅವನೇ ಯಜಮಾನನ ಜಗಲಿಯೆದುರಿಗೆ ಮುಕ್ಕಾಲಿಯನ್ನು ಹಾಕಿಕೊಂಡು ಕುಳಿತು ಕೆಲಸಮಾಡಿದನೆ? ನನಗೆ ನಂಬಿಕೆ ಸಾಲದು. ಬಡಗಿಯೂ ಕಮ್ಮಾರನೂ ಊರಿನ ಆಯಗಾರರಲ್ಲಿ ಸೇರಿದವರು. ವರ್ಷವಿಡೀ ನೇಗಿಲು ಗಾಡಿಗಳನ್ನು ಸರಿಮಾಡಿಕೊಟ್ಟು, ಸುಗ್ಗಿಯಲ್ಲಿ ಕಣಕ್ಕೆ ಬಂದು ತಮ್ಮ ಪಾಲಿನ ದವಸವನ್ನು ಕೊಂಡುಹೋಗುವವರು. ವಸ್ತುವಿಗೆ ಬೆಲೆಯಿರಲಿಲ್ಲ, ಮನುಷ್ಯನಿಗೆ ಪಾಲಿದ್ದಿತು. ಇದರಲ್ಲಿ ಭದ್ರತೆಯೂ ಇದ್ದಿತು, ಬಂಧನವೂ ಇದ್ದಿತು.

ಕೆಲಸಗಾರನನ್ನು ನೆಲದಿಂದ ಮೇಲಕ್ಕೆ ಎಬ್ಬಿಸಿದುದು ಕೈಗಾರಿಕಾ ಶಾಲೆ. ಮೈಸೂರಿನಲ್ಲಿ 1892ರಲ್ಲಿ ಆರಂಭವಾದ ಅಂಥ ಶಾಲೆಯೊಂದು ಮುಂದೆ 1913ರಲ್ಲಿ ಚಾಮರಾಜೇಂದ್ರ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಎಂಬ ಹೆಸರನ್ನು ಪಡೆಯಿತು. ಇಂಥ ಶಾಲೆಗಳ ಮೂಲಕ ಎತ್ತರದ ಮೇಜೂ, ಅದರ ಅಂಚಿಗೆ ಬಿಗಿದ ಹಿಡಿಕೆಯೂ ನಮ್ಮ ನಾಡಿನ ಮರಗೆಲಸಕ್ಕೆ ಬಂದುವು. ಆಚಾರಿಯ ಮಗನ ಪಕ್ಕದಲ್ಲಿ ಬೇರೆ ಕುಲದ ಹುಡುಗನೂ ಅದೇ ಎತ್ತರದ ಮೇಜಿನ ಮುಂದೆ ನಿಲ್ಲುವುದು ಸಾಧ್ಯವಾಯಿತು. ಇದು ಸಣ್ಣ ಬದಲಾವಣೆಯಲ್ಲ. ಆದರೆ ನಿಂತವನ ಕಾಲುಗಳಿಗೆ ಇನ್ನು ಹೊರುವುದೊಂದೇ ಕೆಲಸ ಉಳಿಯಿತು. ಹಿಡಿಯುವ ವಿದ್ಯೆ ಅವುಗಳಿಗೆ ಮರೆತುಹೋಯಿತು. ನಿಂತು ದಣಿದವನಿಗೆ ಎತ್ತರದ ಸ್ಟೂಲು ಬೇಕಾಯಿತು. ಎತ್ತರದ ಸ್ಟೂಲಿನಲ್ಲಿ ಕುಳಿತವನ ಪಾದ ನೆಲಕ್ಕೆ ಎಟುಕದಾದಕಾರಣ, ಪಕ್ಕದ ಉಳಿಯನ್ನು ತೆಗೆದುಕೊಳ್ಳಲು ಅವನು ಇಳಿಯಬೇಕು, ಇಲ್ಲವೆ ಸೊಂಟವನ್ನು ತಿರುಚಬೇಕು. ನೆಲದ ಮೇಲೆ ಕುಳಿತವನು ಪಾದವನ್ನು ಊರಿ ಮೈಯನ್ನು ಹೊರಳಿಸಿದರೆ ತೀರಿತು. ಹಾಗಾದರೆ ಪೀಠವು ತಿರುಗಬೇಕಾದುದು ಎತ್ತರವು ಕಸಿದುಕೊಂಡ ಒಂದು ಅನುಕೂಲವನ್ನು ಹಿಂದಕ್ಕೆ ಕೊಡುವುದಕ್ಕಾಗಿ. ನಮ್ಮ ಹಿರಿಯರು ತಿರುಗುವ ಪೀಠವನ್ನು ಮಾಡದೆ ಹೋದುದಕ್ಕೆ ಇದೇ ಕಾರಣವೆಂದು ನನಗೆ ತೋರುವುದು.

ಏಕೆಂದರೆ ತಿರುಗಿಸುವ ವಿದ್ಯೆಯು ಅವರಿಗೆ ತಿಳಿಯದುದಲ್ಲ. ಅಡಿಗೆಮನೆಯ ಮೂಲೆಯಲ್ಲಿದ್ದ ರಾಗಿಕಲ್ಲನ್ನು ಜ್ಞಾಪಿಸಿಕೊಳ್ಳಿರಿ. ಕೆಳಗಿನ ಕಲ್ಲು ಸ್ಥಿರ. ನಡುವೆ ಒಂದು ಗೂಟ. ಅದರ ಸುತ್ತ ಮೇಲಿನ ಕಲ್ಲು ತಿರುಗುವುದು. ಕುಂಬಾರನ ತಿಗರಿಯು ಒಂದು ಮೊನೆಯ ಮೇಲೆ ಭಾರವಾದ ಚಕ್ರವನ್ನು ನಿಲ್ಲಿಸಿ, ಕೋಲಿನಿಂದ ಒಮ್ಮೆ ಬೀಸಿದರೆ ಗಡಿಗೆಯು ಮುಗಿಯುವವರೆಗೆ ಸುತ್ತುವಂತೆ ಮಾಡಿದ ಯಂತ್ರ. ಹಳೆಯ ಬಾಗಿಲುಗಳಿಗೆ ಕಬ್ಬಿಣದ ತಿರುಗಣೆಯಿಲ್ಲ. ಕದದ ಮೂಲೆಯ ಗೂಟವೇ ಕಲ್ಲಿನ ಕುಳಿಯಲ್ಲಿ ತಿರುಗುವುದು. 1117ರಲ್ಲಿ ಪ್ರತಿಷ್ಠಿತವಾದ ಬೇಲೂರಿನ ಚೆನ್ನಕೇಶವನ ನವರಂಗದಲ್ಲಿ, ಕಡಚಲು ಹಿಡಿದಂತೆ ನುಣುಪಾದ ಕಂಬಗಳ ನಡುವೆ ನರಸಿಂಹನ ಕಂಬವೊಂದುಂಟು. ಅದು ಹಿಂದೆ ತಿರುಗುತ್ತಿದ್ದಿತೆಂದು ಐತಿಹ್ಯ. ನಮ್ಮಲ್ಲಿ ಕಲ್ಲು ತಿರುಗಿತು, ಮಣ್ಣು ತಿರುಗಿತು, ಮರ ತಿರುಗಿತು. ಕುಳಿತವನು ಮಾತ್ರ ತಿರುಗಲಿಲ್ಲ. ಚಕ್ರವು ಯಾವಾಗಲೂ ಅವನ ಮುಂದೆಯೇ ಇದ್ದಿತು, ಕೆಳಗೆ ಬರಲಿಲ್ಲ.

ಅದನ್ನು ಕೆಳಕ್ಕೆ ತಂದವರು ಲೇಖಣಿ ಹಿಡಿದು ಕುಳಿತವರು. ಅಮೆರಿಕಾದ ಸ್ವಾತಂತ್ರ್ಯಘೋಷಣೆಯನ್ನು 1776ರಲ್ಲಿ ಬರೆದ ಥಾಮಸ್ ಜೆಫರ್ಸನ್ನನು ತಿರುಗುವ ಕುರ್ಚಿಯೊಂದನ್ನು ಇಟ್ಟುಕೊಂಡಿದ್ದನು. ಅದು ಈಗಲೂ ಫಿಲಡೆಲ್ಫಿಯಾದಲ್ಲಿರುವುದು. ಅದೇ ದೇಶದ ಥಾಮಸ್ ವಾರೆನ್ನನೆಂಬವನು 1849ರಲ್ಲಿ ತಿರುಗುವುದಲ್ಲದೆ ಓಲಾಡುವ, ಕೆಳಗೆ ಉರುಳೆಗಳುಳ್ಳ ಕುರ್ಚಿಯೊಂದನ್ನು ಕಲ್ಪಿಸಿ, 1851ರ ಲಂಡನ್ ಮಹಾಪ್ರದರ್ಶನಕ್ಕೆ ಕಳುಹಿಸಿದನು. ಸಂಗೀತಗಾರರ ಕಡೆಯಿಂದಲೂ ಒಂದು ದಾರಿ ಬಂದಿತು. ಪಿಯಾನೋ ನುಡಿಸುವವರ ದುಂಡು ಸ್ಟೂಲಿನ ನಡುವೆ ಒಂದು ದಪ್ಪ ತಿರುಪು. ಪೀಠವನ್ನು ಸುತ್ತಿಸಿದರೆ ಅದು ಮೇಲಕ್ಕೋ ಕೆಳಕ್ಕೋ ಹೋಗುವುದು. ಇದರಲ್ಲಿ ಒಂದು ದೋಷ: ಕುಳಿತವನು ಸುತ್ತಿದಷ್ಟೂ ಎತ್ತರ ಬದಲಾಗುವುದು.

ಅವಯವಗಳನ್ನು ಬಿಡಿಬಿಡಿಯಾಗಿ ಕಳುಹಿಸಿ ಕೊಂಡವನಿಂದಲೇ ಕೂಡಿಸುವ ಪದ್ಧತಿಗೂ ಒಂದು ಪೂರ್ವಜನುಂಟು. ವಿಯೆನ್ನಾದ ಮೈಕೇಲ್ ತೋನೆಟ್ ಎಂಬವನು ಮರವನ್ನು ಹಬೆಯಲ್ಲಿ ಮೆತುವಾಗಿಸಿ ಬಾಗಿಸುವ ಕ್ರಮವನ್ನು ಸಾಧಿಸಿ, 1859ರಲ್ಲಿ ತನ್ನ 14ನೆಯ ನಂಬರಿನ ಕುರ್ಚಿಯನ್ನು ಹೊರತಂದನು. ಆರು ತುಂಡು ಮರ, ಹತ್ತು ತಿರುಪು, ಎರಡು ನಟ್ಟು: ಇಷ್ಟೇ. ಒಂದು ಘನಮೀಟರಿನ ಪೆಟ್ಟಿಗೆಯಲ್ಲಿ 36 ಕುರ್ಚಿಗಳು ಹಿಡಿಸಿ ಹಡಗನ್ನೇರುತ್ತಿದ್ದುವು. ಬೊಂಬಾಯಿಯ ಇರಾನಿ ಹೋಟಲುಗಳಲ್ಲಿ ಕಾಣುವ ಬಾಗುಮರದ ಕುರ್ಚಿಗಳು ಈ ವಂಶದವು. ನನ್ನ ರಟ್ಟಿನ ಪೆಟ್ಟಿಗೆಯು ಆ ಪೆಟ್ಟಿಗೆಯ ಮೊಮ್ಮಗು.

ಅದರಲ್ಲಿ ಐದು ಕವಲಿನ ಕಬ್ಬಿಣದ ಪಾದ, ಒಂದು ಉಕ್ಕಿನ ಕಂಬ, ಕಾಲಿಡುವ ಬಳೆ, ಒಂದು ತಗಡು, ಮೆತ್ತೆಯ ಪೀಠ, ನಾಲ್ಕು ತಿರುಪುಮೊಳೆ ಇದ್ದುವು. ಐದು ಕವಲೇಕೆ? ಪಾದಗಳ ತುದಿಗಳನ್ನು ಒಂದು ದಾರದಿಂದ ಸುತ್ತುವರಿದಂತೆ ಭಾವಿಸಿರಿ. ಕುಳಿತವನ ಭಾರವು ಆ ದಾರದಾಚೆಗೆ ವಾಲಿದರೆ ಪೀಠವು ಮಗುಚುವುದು. ನಡುವಿನಿಂದ ಪಾದದ ತುದಿಗೆ 12 ಅಂಗುಲವಿದ್ದರೆ, ದಾರವು ಮುಕ್ಕಾಲಿಯಲ್ಲಿ ನಡುವಿನಿಂದ 6 ಅಂಗುಲ ದೂರದಲ್ಲಿಯೇ ಹಾದುಹೋಗುವುದು; ನಾಲ್ಕು ಕಾಲಿನದರಲ್ಲಿ ಎಂಟೂವರೆ; ಐದರಲ್ಲಿ ಸುಮಾರು 9.7 ಅಂಗುಲ. ನೆಲಮಟ್ಟದ ಪೀಠಕ್ಕೆ ಮೂರು ಕಾಲು ಸಾಕು. ಎತ್ತರದಲ್ಲಿ ಕುಳಿತು ಹೊರಳಾಡುವವನಿಗೆ ಐದು ಬೇಕು.

ಪೀಠಕ್ಕೆ ತಗಡನ್ನು ಬಿಗಿಯುವಲ್ಲಿ ನಾನು ಸೋತೆನು. ಮೂರು ತಿರುಪುಗಳು ಸಲೀಸಾಗಿ ಇಳಿದುವು. ನಾಲ್ಕನೆಯದು ಎರಡು ಸುತ್ತು ಹೋಗಿ ಕಚ್ಚಿಕೊಂಡಿತು. ಬಲವಂತ ಮಾಡಿದೆನು, ಕೈ ಜಾರಿತು, ಮುಂಗೈ ತರಚಿತು. ಮಾರಿದವರಿಗೆ ಬರೆದರೆ ಉತ್ತರ ಬರಲಿಲ್ಲ. ಆಗ ನಮ್ಮ ಬೀದಿಯ ಕೊನೆಯಲ್ಲಿರುವ ವೃದ್ಧ ಆಚಾರ್ಯರನ್ನು ಕರೆಯಿಸಿದೆನು. ನಮ್ಮ ತಂದೆಯವರ ಕಾಲದಲ್ಲಿ ನಮ್ಮ ಮನೆಯ ಗಾಡಿಗೆ ಚಕ್ರವನ್ನು ಕಟ್ಟಿದವರು ಅವರೇ. ಗಾಡಿಗಳು ಹೋದ ಮೇಲೆ ಕಿಟಕಿ ಬಾಗಿಲು ಮಾಡಿದರು. ಅವೂ ಕಬ್ಬಿಣದವಾದ ಮೇಲೆ ಈಗ ಹಾರೆ ಗುದ್ದಲಿಗಳಿಗೆ ಕಾವು ಹಾಕಿಕೊಡುತ್ತ ಕಾಲಕ್ಷೇಪ ಮಾಡುತ್ತಿರುವರು. ಬಂದವರು ಮೊದಲು ಮಾಡಿದ ಕೆಲಸವೆಂದರೆ ಬಿಗಿದಿದ್ದ ಮೂರನ್ನೂ ಸಡಿಲಿಸಿದುದು. ಚಕ್ರದ ಅರೆಗಳನ್ನು ಕೂಡಿಸುವಾಗ ಒಂದನ್ನೇ ಪೂರ್ತಿ ಬಡಿದರೆ ಎದುರಿನದು ಕೂಡುವುದಿಲ್ಲವಂತೆ. ಎಲ್ಲವನ್ನೂ ಹಿಡಿಸಿ, ಎದುರೆದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕಂತೆ. ಆದರೂ ನಾಲ್ಕನೆಯದು ಒಪ್ಪಲಿಲ್ಲ. ಅವರು ಎರಡು ತಿರುಪುಗಳನ್ನು ಬೆರಳಲ್ಲಿ ಜೋಡಿಸಿ ಬೆಳಕಿಗೆ ಹಿಡಿದರು. “ಇದು ಇವರ ಮನದಲ್ಲ, ಸ್ವಾಮಿ” ಎಂದರು. ಈ ಮನೆಯದಲ್ಲವೆಂದು ನಮ್ಮ ಕಡೆಯ ಮಾತಿನಲ್ಲಿ.

ಸತ್ಯವೇ. ಮೂರು 6 ಮಿಲಿಮೀಟರಿನವು, ನಾಲ್ಕನೆಯದು ಕಾಲಂಗುಲದ್ದು. ಕಣ್ಣಿಗೆ ಎರಡೂ ಒಂದೇ. ಆದರೆ ಒಂದರಲ್ಲಿ ಅಂಗುಲಕ್ಕೆ 25ಕ್ಕೆ ಮಿಕ್ಕಿ ಸುತ್ತು, ಇನ್ನೊಂದರಲ್ಲಿ 20. ಕಾರ್ಖಾನೆಗೊಂದು ಬಗೆಯಿದ್ದ ತಿರುಪಿನ ಸುತ್ತುಗಳಿಗೆ ಒಂದೇ ಅಳತೆಯಿರಬೇಕೆಂದು ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತನು 1841ರಲ್ಲಿ ವಾದಿಸಿದನು; ಕಾಲಂಗುಲಕ್ಕೆ 20 ಸುತ್ತೆಂಬುದು ಅವನ ಲೆಕ್ಕ. ನಮ್ಮ ದೇಶವು 1956ರಲ್ಲಿ ಶಾಸನಮಾಡಿ, 1958ರಿಂದ ಮೆಟ್ರಿಕ್ ಅಳತೆಯನ್ನು ಬಳಕೆಗೆ ತಂದಿತು. ಹೀಗೆ ಎರಡು ಶತಮಾನಗಳ ವ್ಯಾಜ್ಯವೊಂದು ನನ್ನ ಹಿತ್ತಲಿನ ಕೊಠಡಿಯಲ್ಲಿ ಬಂದು ಕುಳಿತಿದ್ದಿತು. ಪೇಟೆಯ ಅಂಗಡಿಯಿಂದ ತಕ್ಕ ತಿರುಪನ್ನು ತಂದ ಮೇಲೆ ಅದು ಬಗೆಹರಿಯಿತು.

ಇನ್ನುಳಿದುದು ಕಂಬ. ಅದರ ಒಳಗೆ ಒತ್ತಡದಿಂದ ತುಂಬಿದ ಅನಿಲವು ಪೀಠವನ್ನು ಎತ್ತಿಹಿಡಿಯುವುದು; ತಿರುಗುವುದಕ್ಕೂ ಎತ್ತರಕ್ಕೂ ಸಂಬಂಧವಿಲ್ಲದಂತೆ ಮಾಡಿ ಪಿಯಾನೋ ಸ್ಟೂಲಿನ ದೋಷವನ್ನು ನೀಗಿರುವುದು ಇದೇ. ಪಾದಕ್ಕೆ ಕಂಬವನ್ನು ಬಿಗಿಯಲು ತಿರುಪೂ ಇಲ್ಲ, ಬೆಣೆಯೂ ಇಲ್ಲ. ನಾನು ಪೆಟ್ಟಿಗೆಯ ತಳವನ್ನು ಮತ್ತೆ ತಡಕಾಡುತ್ತಿದ್ದೆನು. ಆಚಾರ್ಯರು ಕಂಬದ ಬುಡದ ಮೇಲೆ ಬೆರಳಾಡಿಸಿ ನಕ್ಕರು. ಬುಡವು ಕೆಳಗೆ ಸಣ್ಣದಾಗುತ್ತ ಹೋಗಿದ್ದಿತು. ಪಾದದ ತೂತೂ ಹಾಗೆಯೇ. ಪಿಕಾಸಿಯ ಕಾವಿನಂತೆ, ಭಾರ ಬಿದ್ದಷ್ಟೂ ಅದು ತಾನೇ ಬಿಗಿದುಕೊಳ್ಳುವುದು. ನಾಲ್ಕು ಪುಟದ ಇಂಗ್ಲಿಷ್ ಸೂಚನೆಯು ನನಗೆ ತಿಳಿಸದುದನ್ನು ಅವರ ಬೆರಳು ತಿಳಿಸಿತು.

ಪೀಠವು ನಿಂತಿತು. “ಕುಳಿತುಕೊಳ್ಳಿ, ಆಚಾರ್ಯರೇ” ಎಂದೆನು. ಅವರು ಒಲ್ಲೆನೆಂದರು. ಮೂರು ಸಲ ಹೇಳಿದ ಮೇಲೆ ಅಂಚಿಗೆ ಕುಳಿತು, ಒಂದು ಸುತ್ತು ತಿರುಗಿ, ಕೂಡಲೆ ಇಳಿದು, ನೆಲದ ಮೇಲೆ ಗೋಡೆಗೊರಗಿ ಕುಳಿತರು. ನಮ್ಮ ತಂದೆಯವರ ಎದುರಿಗೆ ಕುಳಿತ ಅಭ್ಯಾಸವೇ ಇದಕ್ಕೆ ಕಾರಣವಿರಬಹುದೆಂದು ನನಗೆ ನಾಚಿಕೆಯಾಯಿತು. ಕೇಳಿಯೇಬಿಟ್ಟೆನು. ಅವರು ಹೇಳಿದುದು: “ಅದೂ ಉಂಟು. ಆದ್ರ ಕೆಳಗ ಕುಂತ್ರ ಕಾಲೂ ಒಂದು ಕೈಯಾಯ್ತದ, ಸ್ವಾಮಿ. ಮ್ಯಾಲ ಕುಂತ್ರ ಅದು ಸುಮ್ನ ತೂಗಾಡ್ತದ.” ಹೋಗುವಾಗ ಗೋಡೆಯನ್ನು ಹಿಡಿದು ಎರಡು ಸಲ ಪ್ರಯತ್ನಿಸಿ ಎದ್ದರು, ಅವರ ಮಂಡಿಯೂ ನನ್ನದರಂತೆಯೇ ಇದ್ದಿತು. ಕೂಲಿಯೆಂದು ಕೊಟ್ಟುದನ್ನು ಎಣಿಸದೆ ಜೇಬಿನಲ್ಲಿಟ್ಟುಕೊಂಡರು.

ಹದಿನೈದು ದಿನಗಳಾದ ಮೇಲೆ ಒಂದು ಗುದ್ದಲಿಗೆ ಕಾವು ಹಾಕಿಸಲು ಅವರ ಕೊಟ್ಟಿಗೆಗೆ ಹೋಗಿದ್ದೆನು. ಊಟಿಯ ದಾರಿಯೂ ಕೇರಳದ ದಾರಿಯೂ ಕವಲೊಡೆಯುವ ಊರಾದಕಾರಣ ನಮ್ಮಲ್ಲಿ ಲಾರಿ ರಿಪೇರಿಯ ಷೆಡ್ಡುಗಳಿಗೆ ಕೊರತೆಯಿಲ್ಲ. ಅಂಥ ಒಂದು ಕಡೆಯಿಂದ ಸವೆದ ಬೇರಿಂಗೊಂದನ್ನು ತಂದು, ಕೆಳಗೊಂದು ಹೊನ್ನೆಯ ದಿಮ್ಮಿ, ಮೇಲೊಂದು ಹಲಸಿನ ಮಣೆ, ನಡುವೆ ಆ ಬೇರಿಂಗು ಇಟ್ಟು, ನೆಲದಿಂದ ಒಂದು ಗೇಣು ಎತ್ತರಕ್ಕೆ ಅವರು ಒಂದು ಆಸನವನ್ನು ಮಾಡಿಕೊಂಡಿದ್ದರು. ಮಂಡಿಗೆ ಅಷ್ಟು ಎತ್ತರ ಸಾಕಂತೆ. ಪಾದಗಳು ನೆಲದ ಮೇಲೆಯೇ ಇದ್ದುವು, ಅವುಗಳ ನಡುವೆ ನನ್ನ ಗುದ್ದಲಿಯ ಕಾವು. ಕೆತ್ತುವಾಗ ಮಣೆಯು ಹೊರಳದಂತೆ ಒಂದು ಬೆಣೆಯನ್ನು ಸಿಕ್ಕಿಸುವರು. ಹಿಂದಿನ ಉಳಿ ಬೇಕಾದಾಗ ಅದನ್ನು ಕಿತ್ತು, ಮೈಯನ್ನು ತಿರುಚದೆ ಹಿಂದಕ್ಕೆ ತಿರುಗುವರು. ಬೆಣೆಯನ್ನು ಒಂದು ದಾರದಿಂದ ಮಣೆಗೇ ಕಟ್ಟಿದ್ದರು, ಕಳೆದುಹೋಗದಂತೆ.